ಸೊರಬದ ವಕೀಲರು ಬೇಡ ಎಂದವನು

ಹೂವು ಬಲಕ್ಕೆ ಬಿತ್ತು. ಬಲಕ್ಕೆ ಬಿದ್ದದ್ದಕ್ಕೇ ನಾನು ಎಡಗಡೆಯ ವಕೀಲರ ಪರ ನಿಂತೆ. ಇದನ್ನು ಇನ್ನೂ ಮರ್ಯಾದೆಯಾಗಿ ಹೇಳಬಹುದು, ನನಗೆ ಆ ವಿದ್ಯೆ ಗೊತ್ತು. ಆದರೆ ಹೇಳುವುದಿಲ್ಲ.

ನನ್ನ ಸೋದರಮಾವನ ಮೇಲೆ ಕ್ರಿಮಿನಲ್ ಕೇಸು ಆಗಿತ್ತು. ಮೈಸೂರು ರಾಜ್ಯ ದೊಡ್ಡದಾಗಿ ಎರಡು ವರ್ಷ ಕಳೆದಿದ್ದ ಕಾಲ ಅದು. ಬಂದಳಿಕೆಯ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವರು, ಶಿವಮೊಗ್ಗದ ಕಾಲೇಜಿಗೆ ಕಳಿಸಿದವರು ಮಾವನೇ. ಅಲ್ಲಿ ನಾನು ಪಠ್ಯಕ್ಕಿಂತ ಹೆಚ್ಚಾಗಿ ಕಲಿತದ್ದು ಚರ್ಚಾಸ್ಪರ್ಧೆ. ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡಕ್ಕೂ ಚಪ್ಪಾಳೆ ಹೊಡೆಸಿಕೊಂಡಿದ್ದೆ. ದೇವರು ಇಲ್ಲ ಎಂದು ಊರಿನ ಕಟ್ಟೆಯ ಮೇಲೆ ಕೂತು ಸಾಬೀತು ಮಾಡಿದ್ದೆ. ಯಾರೂ ಒಪ್ಪಿರಲಿಲ್ಲ, ಆದರೆ ಯಾರಿಗೂ ಉತ್ತರ ಕೊಡಲು ಆಗಿರಲಿಲ್ಲ. ಆಗ ನನಗೆ ಅಷ್ಟೇ ಸಾಕಾಗುತ್ತಿತ್ತು.

ನಡೆದದ್ದು ಇಷ್ಟು. ಕೆರೆಯ ನೀರಿಗೆ ಸರದಿ ಇತ್ತು. ಮಾವನ ಸರದಿಯ ದಿನ ಬೆಳಿಗ್ಗೆ ಪಕ್ಕದ ಗದ್ದೆಯವನು ಕಾಲುವೆ ಒಡೆದು ನೀರು ತಿರುಗಿಸಿಕೊಳ್ಳುತ್ತಿದ್ದ. ಮಾವ ಗುದ್ದಲಿ ಹಿಡಿದು ಹೋದರು. ಮಾತಿಗೆ ಮಾತು ಬೆಳೆದು ಅವನು ಕತ್ತಿ ಎತ್ತಿದ. ಮಾವ ಗುದ್ದಲಿ ಅಡ್ಡ ತಂದರು. ಗುದ್ದಲಿಯ ಕಾವು ಅವನ ಮುಂಗೈಗೆ ಬಡಿದು ಮೂಳೆ ಮುರಿಯಿತು. ಮಾವ ತಾವಾಗಿಯೇ ಬಂದು ಹೊಡೆದರು ಎಂದು ಅವನು ದೂರು ಕೊಟ್ಟ. ಅಲ್ಲಿದ್ದ ಮೂರನೆಯವನು ನೀರುಗಂಟಿ ಒಬ್ಬನೇ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವನು. ಅವನು ಏರಿಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದನಂತೆ.

ಇಬ್ಬರು ವಕೀಲರ ಮಾತು ಬಂತು. ಒಬ್ಬರು ಸೊರಬದವರು, ವಯಸ್ಸಾದವರು. ಹೊಡೆದಾಟದ ಕೇಸುಗಳನ್ನೇ ನಡೆಸಿ ತಲೆ ಬೆಳ್ಳಗಾದವರು ಎಂದು ಆನವಟ್ಟಿ ಸಂತೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಇನ್ನೊಬ್ಬರು ಶಿಕಾರಿಪುರದವರು, ಹೊಸಬರು. ನಮ್ಮ ಕಾಲೇಜಿನ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದು ನನಗೆ ಮೊದಲ ಬಹುಮಾನ ಕೊಟ್ಟಿದ್ದರು. ಅವರ ಕನ್ನಡ ಹರಿಯುತ್ತಿತ್ತು, ಇಂಗ್ಲಿಷು ಇನ್ನೂ ಜೋರಾಗಿ ಹರಿಯುತ್ತಿತ್ತು.

ಅತ್ತೆ ವೀರಭದ್ರನ ಗುಡಿಗೆ ಹೋಗಿ ಪ್ರಸಾದ ಕೇಳಿದರು. ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಕೈಮುಗಿದು ಕೂರುವುದು, ಯಾವುದು ಮೊದಲು ಉದುರುತ್ತದೋ ಅದೇ ಅಪ್ಪಣೆ. ಬಲಕ್ಕೆ ಸೊರಬ, ಎಡಕ್ಕೆ ಶಿಕಾರಿಪುರ ಎಂದು ನೆನೆದುಕೊಂಡಿದ್ದರು. ಬಲಗಡೆಯದು ಬಿತ್ತು.

"ನೀರು ಆರಿದ ಕಡೆ ಹೂವು ಬೀಳ್ತದೆ ಅತ್ತೆ. ಬಲಗಡೆ ಬಾಗಿಲಿದೆ, ಗಾಳಿ ಬರ್ತದೆ," ಅಂದೆ.

"ಆಗಲಿ ಬಿಡಪ್ಪ, ಗಾಳಿನೂ ಅವನದೇ," ಅಂದರು ಅತ್ತೆ.

ಮಾವ ನಕ್ಕುಬಿಟ್ಟರು. ನಾನು ನಗಲಿಲ್ಲ. ಒಂದು ವಾದ ಸೋತಂತೆ ಅನ್ನಿಸಿತ್ತು.

ಮಾವನ ಜೊತೆ ನಾನೂ ಆನವಟ್ಟಿಯಿಂದ ಬಸ್ಸು ಹಿಡಿದು ಸೊರಬಕ್ಕೆ ಹೋದೆ. ವಕೀಲರು ಜಗುಲಿಯಲ್ಲಿ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಹೊಡೆದಾಟದ ವಿಷಯವನ್ನು ಅವರು ಹೆಚ್ಚು ಕೇಳಲೇ ಇಲ್ಲ. ಬೆಳಿಗ್ಗೆ ಏನು ತಿಂದು ಹೋಗಿದ್ದಿರಿ, ಗುದ್ದಲಿ ಯಾವ ಕೈಯಲ್ಲಿತ್ತು, ಕೆರೆ ಏರಿಯಿಂದ ಕಾಲುವೆಗೆ ಇಳಿಯೋ ದಾರಿ ಎಷ್ಟಿದೆ, ಹೀಗೆ. ಆಮೇಲೆ ಕೇಳಿದರು: "ಅವನು ಬಿದ್ದ ಮೇಲೆ ನೀವು ಮೊದಲು ಯಾರ ಹತ್ರ ಮಾತಾಡಿದಿರಿ? ಏನಂದಿರಿ?"

ಮಾವ ನೆನಪು ಮಾಡಿಕೊಳ್ಳಲು ಬಾಯಿ ತೆರೆದರು. ನಾನು ನಡುವೆ ಹೋದೆ.

"ಬಿದ್ದ ಮೇಲಿನ ಮಾತು ಯಾಕೆ ಸ್ವಾಮಿ? ಹೊಡೆದರೋ ತಡೆದರೋ ಅನ್ನೋದಲ್ಲವೇ ವಿವಾದ?"

ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ತಾವು ಯಾರು?"

"ಅಳಿಯ. ಬಿ.ಎ. ಓದ್ತಿದೀನಿ."

"ಒಳ್ಳೇದಾಯ್ತು. ಓದು ಮುಗಿಯೋವರೆಗೆ ಸ್ವಲ್ಪ ಆ ಕಟ್ಟೆ ಮೇಲೆ ಕೂತ್ಕಳಿ ಮಾರಾಯ್ರೆ."

ಅಲ್ಲಿದ್ದ ಕಕ್ಷಿಗಾರರು ನಕ್ಕರು. ನಾನು ಎದ್ದೆ, ಕಟ್ಟೆಗಲ್ಲ, ರಸ್ತೆಗೆ. ಮಾವನಿಗೆ ನನ್ನನ್ನು ಬಿಟ್ಟು ಕೂರಲು ಮನಸ್ಸಾಗಲಿಲ್ಲ. "ಇನ್ನೊಮ್ಮೆ ಬರ್ತೀವ್ರಿ," ಎಂದು ಕೈಮುಗಿದು ನನ್ನ ಹಿಂದೆಯೇ ಬಂದುಬಿಟ್ಟರು. ಆ ಪ್ರಶ್ನೆಗೆ ಉತ್ತರ ಅಲ್ಲೇ ಜಗುಲಿಯ ಮೇಲೆ ಉಳಿಯಿತು. ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ಪಕ್ಕದಲ್ಲೇ ಕೂತಿದ್ದೆ, ಕೇಳಬಹುದಿತ್ತು.

ಮನೆಗೆ ಬಂದು ವಾದ ಹೂಡಿದೆ. ಕೇಸಿನ ಬಗ್ಗೆ ಬಾಯಿ ಬಿಡದ ವಕೀಲ, ಬಾಗಿಲು ಇಲ್ಲದ ಮನೆ, ಎರಡೂ ಒಂದೇ ಅಂದೆ. ಕಾನೂನು ದಿನಾ ಬದಲಾಗುತ್ತಿದೆ, ಮುದುಕರಿಗೆ ಹಳೆಯದೇ ಗೊತ್ತು ಅಂದೆ. ಅವರ ಅನುಭವ ಎಂದರೆ ಒಂದೇ ವರ್ಷದ ಕೆಲಸವನ್ನು ಮೂವತ್ತು ಸಲ ಮಾಡಿದ್ದು ಅಂದೆ. ಕೊನೆಗೆ, "ಜೈಲಿಗೆ ಹೋಗೋರನ್ನ ಬಿಡಿಸೋಕೆ ಹೂವು ಆರಿಸಿದ ವಕೀಲರೋ, ಬುದ್ಧಿ ಆರಿಸಿದ ವಕೀಲರೋ?" ಎಂದು ಕೇಳಿದೆ. ಈ ಸಾಲನ್ನು ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ.

"ಅಳಿಯ ದೇವರು ಗೆದ್ದರು ಕಣೇ," ಅಂದರು ಮಾವ ಅತ್ತೆಯ ಕಡೆ ತಿರುಗಿ. "ಇವನನ್ನ ಓದಿಸಿದ್ದು ಯಾಕೆ ಮತ್ತೆ? ಶಿಕಾರಿಪುರದವರೇ ಆಗಲಿ."

ಅತ್ತೆ ವೀರಭದ್ರನಿಗೆ ತಪ್ಪುಕಾಣಿಕೆ ಕಟ್ಟಿದರು ಎಂದು ಆಮೇಲೆ ತಿಳಿಯಿತು.

ಶಿಕಾರಿಪುರದ ವಕೀಲರು ನನ್ನನ್ನು ಗುರುತು ಹಿಡಿದು ಎದ್ದು ಬಂದು ಬೆನ್ನು ತಟ್ಟಿದರು. "ಬರ್ರಿ ಬರ್ರಿ! ಇವರಿದ್ದ ಮೇಲೆ ನಾನ್ಯಾಕ್ರೀ ವಕೀಲ?" ಅಂದರು ಮಾವನಿಗೆ. ಮಾವನ ಮುಖ ಅರಳಿತು. ನನ್ನದು ಇನ್ನೂ ಹೆಚ್ಚು. ನೀರುಗಂಟಿಗೆ ಹಾಕಬೇಕಾದ ಪ್ರಶ್ನೆಗಳೇನಾದರೂ ಹೊಳೆದರೆ ಬರೆದು ತನ್ನಿ ಎಂದರು. ಸೌಜನ್ಯಕ್ಕೆ ಹೇಳಿದ್ದಿರಬೇಕು. ನಾನು ಬರೆದೆ.

ಅತ್ತೆ ಅಕ್ಕಿ ಆರಿಸುತ್ತಿದ್ದಾಗ ಅವರ ಎದುರು ಕೂತು ಓದಿದೆ. ಹೆಮ್ಮೆಯ ಪ್ರಶ್ನೆ ಕೊನೆಯದು: "ಬೆನ್ನು ತಿರುಗಿಸಿ ನಿಂತವನು ನೀನು. ಹಾಗಿದ್ದ ಮೇಲೆ, ಇವರು ಹೊಡೆದರು ಎಂದು ನಿನಗೆ ತಿಳಿಯುವ ದಾರಿಯಾದರೂ ಯಾವುದು?"

"ಅವನು ಏನಾದರೂ ಹೇಳಿಬಿಟ್ಟರೆ?" ಅಂದರು ಅತ್ತೆ.

"ಉತ್ತರವೇ ಇಲ್ಲದ ಪ್ರಶ್ನೆ ಇದು ಅತ್ತೆ. ಬಾಯಿ ಕಟ್ಟಿಹೋಗ್ತದೆ."

"ಹಳ್ಳಿಯವರ ಬಾಯಿ ಕಟ್ಟೋದು ಅಷ್ಟು ಸುಲಭ ಐತೇನಪ್ಪ?" ಎಂದು ಅವರು ಮೊರದಲ್ಲಿ ಅಕ್ಕಿ ಕೇರತೊಡಗಿದರು.

ಶಿಕಾರಿಪುರದ ಕೋರ್ಟಿನಲ್ಲಿ ವಿಚಾರಣೆಯ ದಿನ ನೀರುಗಂಟಿ ಕಟಕಟೆ ಹತ್ತಿದ. ಸರ್ಕಾರದ ಪರದವರು ಕೇಳಿದ್ದಕ್ಕೆ ಅವನು ಹೇಳಿದ್ದು ಮೂರೇ ಮಾತು: ಜಗಳದ ಸದ್ದು ಕೇಳಿತು, ತಿರುಗಿ ನೋಡಿದೆ, ಅವನು ನೆಲದ ಮೇಲಿದ್ದ. ಪೆಟ್ಟು ಬಿದ್ದದ್ದನ್ನು ನೋಡಿದೆ ಎನ್ನಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಫಿರ್ಯಾದಿಯ ಮಾತಿಗೆದುರು ಮಾವನ ಮಾತು, ಅಷ್ಟೇ. ಇದು ಈಗ ನನಗೆ ಗೊತ್ತು. ಆಗ ನಾನು ಬೆಂಚಿನ ತುದಿಯಲ್ಲಿ ಕೂತು ನನ್ನ ಪ್ರಶ್ನೆಗಾಗಿ ಕಾಯುತ್ತಿದ್ದೆ.

ವಕೀಲರು ಪಾಟೀಸವಾಲಿಗೆ ಎದ್ದರು. ಬೆನ್ನು ತಿರುಗಿಸಿದ್ದನ್ನು ಒಪ್ಪಿಸಿದರು. ಒಮ್ಮೆ ಕೂರಲು ಹೋದರು. ಕೈಯಲ್ಲಿದ್ದ ನನ್ನ ಚೀಟಿ ನೋಡಿಕೊಂಡರು, ಮತ್ತೆ ನಿಂತರು. ಅಕ್ಷರ ಬಿಡದೆ ಕೇಳಿದರು. ದನಿಯ ಏರಿಳಿತವೂ ನಾನು ಬಯಸಿದ ಹಾಗೇ ಇತ್ತು.

ನೀರುಗಂಟಿ ಮಾವನ ಕಡೆ ನೋಡಿದ. ಅವನಿಗೆ ಹೇಳುವ ಇಷ್ಟ ಇರಲಿಲ್ಲ, ಅದು ಸ್ಪಷ್ಟವಾಗಿ ಕಾಣುತ್ತಿತ್ತು.

"ದಾರಿ ಅಂದ್ರೆ... ಗೌಡ್ರೇ ಓಡಿ ಬಂದ್ರು ಸ್ವಾಮಿ ನನ್ನ ಹತ್ರ. 'ಹೊಡೆದುಬಿಟ್ಟೆ ಕಣೋ, ಕೈ ಮುರೀತೋ ಏನೋ, ಬೇಗ ನೀರು ತಗಂಬಾ' ಅಂದ್ರು. ನಾನೇ ನೀರು ಕುಡಿಸ್ದೆ ಅವನಿಗೆ."

ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಪೆನ್ನಿನ ಸದ್ದು ಬೆಂಚಿನವರೆಗೂ ಕೇಳಿಸಿತು. ಮಾವ ತಲೆಯಾಡಿಸಿದರು, ಹೌದು ಎನ್ನುವಂತೆ. ಅವರಿಗೆ ನೆನಪು ಬಂದದ್ದು ಆಗಲೇ ಇರಬೇಕು. ಶತ್ರುವಿಗೆ ನೀರು ತರಲು ಓಡಿದವರು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದವರು, ಆ ಮಾತಿನಿಂದಲೇ ಆರು ತಿಂಗಳು ಸಜೆ ಪಡೆದರು. ಅಡ್ಡ ಹಿಡಿದೆ ಎಂಬ ಅವರ ಮಾತನ್ನು ಯಾರೂ ನಂಬಲಿಲ್ಲ.

ಈಗಲೂ ನಾನು ಹೂವನ್ನು ನಂಬುವುದಿಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಗಾಳಿಯೂ ಅರ್ಧ ಸಲ ಸರಿಯಾಗಿಯೇ ಆರಿಸುತ್ತದೆ. ಅತ್ತೆಯ ಕಾರಣ ತಪ್ಪು, ಆಯ್ಕೆ ಸರಿ. ಕಾರಣವನ್ನು ಮುರಿಯುವ ಹುರುಪಿನಲ್ಲಿ ಆಯ್ಕೆಯನ್ನು ಮುರಿದವನು ನಾನು. ಇಷ್ಟನ್ನು ತರ್ಕಬದ್ಧವಾಗಿ ಹೇಳಬಲ್ಲೆ. ಹೇಳಿದ್ದರಿಂದ ಹಗುರಾಗಿಲ್ಲ.

ಅಪೀಲಿಗೆ ಅತ್ತೆ ಯಾರನ್ನೂ ಕೇಳಲಿಲ್ಲ, ದೇವರನ್ನೂ. "ಸೊರಬಕ್ಕೆ ನಡಿ," ಅಂದರು. ತೀರ್ಪಿನ, ಸಾಕ್ಷಿ ಹೇಳಿಕೆಗಳ ನಕಲು ಹಿಡಿದು ನಾನು ಹಿಂದೆ ಹೋದೆ. ಮುದುಕರು ಒಂದೊಂದೇ ಹಾಳೆ ತಿರುವಿದರು. ನೀರುಗಂಟಿಯ ಹೇಳಿಕೆಯ ಮೇಲೆ ಬೆರಳು ನಿಂತಿತು. ಆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು.

"ಇದು ಯಾರ ಪ್ರಶ್ನೆ?"

"ವಕೀಲರದು," ಅಂದೆ.

"ಅವರು ಕೇಳಿದ್ದು ಅಂತ ಇಲ್ಲೇ ಬರೆದಿದೆಯಲ್ಲ. ಅವರ ತಲೆಗೆ ಎಲ್ಲಿಂದ ಬಂತು ಅಂತ ಕೇಳ್ದೆ. ಇದು ಕೋರ್ಟಿನ ಮಾತಲ್ಲ."

ನಾನು ನೆಲ ನೋಡುತ್ತಿದ್ದೆ. ಅಕ್ಕಿ ಆರಿಸುತ್ತ ಆ ಮಾತನ್ನು ಮೊದಲು ಕೇಳಿದವರು ನನ್ನ ಪಕ್ಕದಲ್ಲೇ ಕೂತಿದ್ದರು.

"ಅವರೇ ಕೇಳಿದ್ದು ಸ್ವಾಮಿ," ಅಂದರು ಅತ್ತೆ. "ನಮಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ನಮ್ಮನೆಯವರನ್ನ ಹೊರಗೆ ತರೋದು ಹೆಂಗೆ, ಅದನ್ನ ಹೇಳ್ರಿ."

ಮುದುಕರು ಮಾವನನ್ನು ಹೊರಗೆ ತಂದರು, ಪೂರ್ತಿಯಾಗಿ ಅಲ್ಲ. ಶಿಕ್ಷೆ ಇಳಿಯಿತು, ಅಪರಾಧ ಹಾಗೇ ಉಳಿಯಿತು. ಕಾಗದದ ಮೇಲೆ ಬಿದ್ದ ಮಾತನ್ನು ಯಾವ ವಕೀಲರೂ ಅಳಿಸಲಾರರು ಎಂದು ಮುದುಕರು ಮೊದಲೇ ಹೇಳಿದ್ದರು. ಎರಡು ತಿಂಗಳು ಒಳಗಿದ್ದು ಮಾವ ಮನೆಗೆ ಬಂದರು.

ಮಾತಾಡಿಸಲು ಬಂದವರಿಗೆಲ್ಲ ಅವರು ಕೇಸಿನ ಕಥೆ ಹೇಳುತ್ತಾರೆ. ನೀರುಗಂಟಿಯನ್ನು ಬೈಯುವುದಿಲ್ಲ. "ಅವನೇನು ಮಾಡ್ತಾನೆ, ಕೇಳಿದರು, ಹೇಳಿದ. ಆ ಹೊಸ ವಕೀಲನಿಗೆ ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. ಅವತ್ತು ನಮ್ಮ ಅಳಿಯ ಎದ್ದು ನಿಂತಿದ್ರೆ ಕೇಸು ಬೇರೇನೇ ಆಗ್ತಿತ್ತು ನೋಡ್ರಿ!"

ಬಂದವರು ನನ್ನನ್ನು ನೋಡಿ ಹೌದು ಎನ್ನುತ್ತಾರೆ. ಅತ್ತೆ ಒಳಗೆ ಎದ್ದು ಹೋಗುತ್ತಾರೆ. ನಾನು ಆ ವಕೀಲರ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ.