ಸ್ಟಿಯರಿಂಗ್ ಬಿಟ್ಟುಕೊಟ್ಟ ಡ್ರೈವರ್ ಸಾಬರು

ನಮ್ಮ ಡ್ರೈವರ್ ಸಾಬರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿಕೊಂಡಿತ್ತು. ಕಾರು ಶುರು ಮಾಡಲು ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಮೂಳೆ ಮುರಿದಿತ್ತಂತೆ, ಕೂಡಿಕೊಂಡದ್ದು ಸೊಟ್ಟಗೆ. ನನ್ನ ತಂದೆ ಶಿವಮೊಗ್ಗದ ಕೋಟೆಯಲ್ಲಿ ಡಾಕ್ಟರು. ಸಾಬರು ಹನ್ನೊಂದು ವರ್ಷ ನಮ್ಮ ಕಾರು ಓಡಿಸಿದರು. ಬಾನೆಟ್ಟಿನ ಮೇಲೆ ಯಾರಾದರೂ ಕೈಯಿಟ್ಟರೆ ಸಿಡುಕುತ್ತಿದ್ದರು. ಹಾರ್ನ್ ಒತ್ತುವುದಕ್ಕೆ ಮಾತ್ರ ಅವರಿಗೆ ಸಂಕೋಚ. ಎತ್ತಿನ ಗಾಡಿ ತಾನಾಗಿ ಸರಿಯುವವರೆಗೂ ಕಾಯುತ್ತಿದ್ದರು.

ನನಗೆ ಕಾರು ಕಲಿಸಿದವರೂ ಅವರೇ, ನವುಲೆಯ ಬಯಲಿನಲ್ಲಿ. ಆಗಿನ್ನೂ ಮೂವತ್ತರ ದಶಕ. ಹೆಣ್ಣುಮಗಳು ಕಾರು ಓಡಿಸುತ್ತಾಳೆಂದು ಜನ ನಿಂತು ನೋಡಿದರು. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಸಾಬರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ನನ್ನ ಮದುವೆ ನಿಶ್ಚಯವಾದ ವರ್ಷ, ನಾನು ಮನೆಬಿಡುವ ಮೊದಲು ಎಲ್ಲರೂ ಒಂದು ಸುತ್ತು ಹೋಗಿಬರೋಣವೆಂದು ತಂದೆ ಹೊರಡಿಸಿದರು. ಭದ್ರಾವತಿ, ತರೀಕೆರೆ ದಾಟಿ ಬಾಬಾಬುಡನ್ ಬೆಟ್ಟ. ಆಚೆ ಇಳಿದು ಕಡೂರಿನ ಬಯಲು ಸುತ್ತಿ ವಾಪಸು. ನಾನು ಮುಂದೆ ಸಾಬರ ಪಕ್ಕ, ತಂದೆ ತಾಯಿ ಹಿಂದೆ. ದಾರಿಯುದ್ದಕ್ಕೂ ನೋಟಗಳನ್ನು ತೋರಿಸಿ ವಿವರಿಸುವುದು ಸಾಬರ ವಾಡಿಕೆ. ಘಾಟಿಯ ಒಂದು ತಿರುವಿನಲ್ಲಿ, ಎಡಕ್ಕೆ ಬಂಗಲೆಯ ಮುಂದೆ ಎರಡು ಭಾರಿ ಮರ ನೋಡಿ ಎಂದರು. ನಾನು ನೋಡಿದೆ. ಮರಗಳಿರಲಿಲ್ಲ. ಕಡಿದುಹಾಕಿದ ಎರಡು ಬುಡಗಳಿದ್ದವು.

ಸ್ವಲ್ಪ ಮುಂದೆ ಹುಲ್ಲು ತುಂಬಿದ ಗಾಡಿಯೊಂದು ಎದುರು ಬಂತು. ನಾನು ತೋಳು ಹಿಡಿದು ಅಲುಗಿಸುವವರೆಗೂ ಸಾಬರು ಬ್ರೇಕ್ ಹಾಕಲಿಲ್ಲ. ಕಾರು ನಿಂತಾಗ ನನ್ನ ಕಡೆಯ ಚಕ್ರದಿಂದ ಪ್ರಪಾತಕ್ಕೆ ಒಂದು ಮೊಳ.

ರೇಡಿಯೇಟರಿಗೆ ನೀರು ಹಾಕುವ ನೆಪದಲ್ಲಿ ಇಬ್ಬರೂ ಇಳಿದೆವು. ಕಣ್ಣು ಕಾಣುತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದೆ.

"ಹತ್ತಿರದ್ದು ಕಾಣುತ್ತೆ ಅಮ್ಮಣ್ಣಿ. ದೂರದ್ದೆಲ್ಲ ಹೊಗೆ."

ದಸರೆಯಿಂದ ಹೀಗೆಯಂತೆ. ಊರೊಳಗೆ ಅಭ್ಯಾಸಬಲದಿಂದ ಓಡಿಸುತ್ತಿದ್ದರು. ತಂದೆಗೆ ಹೇಳುತ್ತೇನೆಂದೆ. ಅವರು ಬೇಡವೆನ್ನಲಿಲ್ಲ.

"ನಾನೇ ಹೇಳ್ತೀನಿ, ಊರಿಗೆ ಹೋದ ಮೇಲೆ. ಈಗ ನೀವು ಕೂತ್ಕೊಳ್ಳಿ."

ಆಮೇಲೆ ಹಿಂದಿನ ಸೀಟಿಗೆ ಕೇಳುವಂತೆ, ಘಾಟಿಯಲ್ಲಿ ಓಡಿಸದಿದ್ದರೆ ಅಮ್ಮಣ್ಣಿ ಕಲಿತ ಹಾಗಲ್ಲ ಎಂದರು. ಅಮ್ಮ ಒಪ್ಪಲಿಲ್ಲ. ತಂದೆ ಸಾಬರ ಮಾತು ತೆಗೆದುಹಾಕುವವರಲ್ಲ.

ಉಳಿದ ಘಾಟಿ ಹತ್ತಿದೆ, ಆಚೆ ಇಳಿದೆ. ಹತ್ತುವಾಗ ಯಾವ ಗೇರ್ ಎಂದು ಒಂದೆರಡು ಸಲ ಹೇಳಿದರು. ಇಳಿಯುವಾಗ ಅವರು ಮಾತಾಡಲೇ ಇಲ್ಲ. ಇಂಜಿನ್ನಿನ ಸದ್ದು ಕೇಳುತ್ತ ನನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆಂದುಕೊಂಡೆ.

ಮರುದಿನ ಬಯಲು ಸೀಮೆಯಲ್ಲೂ ನಾನೇ ಓಡಿಸಿದೆ. ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡು ಕಂಡಿತು. ಬಲಕ್ಕೆ ಜಿಂಕೆ, ಮೂವತ್ತರಷ್ಟಿವೆ, ಮುಂದಿನದು ಕಪ್ಪು ಎಂದು ಪಿಸುಗುಟ್ಟಿದೆ. ಸಾಬರು ಹಿಂದೆ ತಿರುಗಿ ಅದನ್ನೇ ಗಟ್ಟಿಯಾಗಿ ಹೇಳಿದರು. ಅಮ್ಮ ಸಂತೋಷಪಟ್ಟರು.

ಹೊಳೆಹೊನ್ನೂರಿನ ಮೇಲೆ ಊರು ಸೇರಿದ ಸಂಜೆಯೇ ಅವರು ತಂದೆಯ ಮುಂದೆ ನಿಂತು ಎಲ್ಲ ಹೇಳಿದರು. ದಿನವೂ ಆ ಮುಖ ನೋಡಿಯೂ ಡಾಕ್ಟರಾದ ತಮಗೆ ತಿಳಿಯಲಿಲ್ಲವೆಂಬುದು ತಂದೆಗೆ ದೊಡ್ಡ ಪೆಟ್ಟು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರು. ಒಂದು ಕಣ್ಣು ಅಷ್ಟಿಷ್ಟು ಬಂತು. ಸಾಬರು ಮತ್ತೆ ಕಾರು ಮುಟ್ಟಲಿಲ್ಲ. ದವಾಖಾನೆಯ ಬಾಗಿಲಲ್ಲಿ ರೋಗಿಗಳನ್ನು ಸಾಲಾಗಿ ಕೂರಿಸುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ತೀರಿಕೊಂಡರು. ಭದ್ರಾವತಿಯ ಗಂಡನ ಮನೆಯಿಂದ ನಾನೇ ಕಾರು ಓಡಿಸಿಕೊಂಡು ಹೋದೆ. ಆ ಪ್ರವಾಸದ ಬಗ್ಗೆ ಅವರು ಏನಾದರೂ ಅನ್ನುತ್ತಿದ್ದರೇ ಎಂದು ಅವರ ಹೆಂಡತಿಯನ್ನು ಕೇಳಿದೆ.

"ನೀವು ಘಾಟಿ ಇಳಿಸುವಾಗ ನಿದ್ದೆ ಮಾಡ್ಬಿಟ್ರಂತೆ ಅಮ್ಮಣ್ಣಿ," ಎಂದರು ಆಕೆ. "ದಸರಾದಿಂದ ಕಣ್ಣು ಕಿರಿದು ಮಾಡಿ ಮಾಡಿ ನೋಡಿ ಸಾಕಾಗಿತ್ತಲ್ಲ. ಅಷ್ಟು ಒಳ್ಳೆ ನಿದ್ದೆ ಮತ್ತೆ ಬರ್ಲಿಲ್ಲ ಅಂತಿದ್ರು."