ನಾನು ತುಂಬಿಸಿದ ಫಾಂಟುಗಳು

ಆರ್.ಟಿ. ನಗರದ ಒಂದು ಸ್ಟಿಕರ್ ಅಂಗಡಿಯಲ್ಲಿ ನಾನು ಐದು ವರ್ಷ ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಬಣ್ಣದ ಸ್ಟಿಕರ್ ಹಾಳೆಯ ಮೇಲೆ ಸಣ್ಣ ಬ್ಲೇಡಿನಿಂದ ಕತ್ತರಿಸಿ ಕೊಡುವ ಯಂತ್ರಕ್ಕೆ ಪ್ಲಾಟರ್ ಅನ್ನುತ್ತಾರೆ. ಆಟೋದ ಹಿಂದಿನ ಬರಹ, ಅಂಗಡಿಯ ಗಾಜಿನ ಮೇಲಿನ ಹೆಸರು, ಎಲ್ಲ ಅದರಿಂದಲೇ ಬರಬೇಕು. ಅದನ್ನು ನಡೆಸುತ್ತಿದ್ದವರು ನಾನು ಮತ್ತು ಅಬ್ಬಿಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಅವರ ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಮನೆ ನಡೆಯುತ್ತಿದ್ದದ್ದು ಅಕ್ಕನ ದುಡಿಮೆಯಿಂದ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಕಾಲದ ಕನ್ನಡ ಫಾಂಟುಗಳದ್ದು ಒಂದು ಪೀಡೆ. ಒಂದು ಅಂಗಡಿಯಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರದ ಬದಲು ಕಸ ಕಾಣುತ್ತಿತ್ತು. ಅದೇ ಫಾಂಟ್ ನಮ್ಮಲ್ಲೂ ಇದ್ದರೆ ಮಾತ್ರ ಸರಿ. ಹಾಗಾಗಿ ಈ ಕಸುಬಿನವರೆಲ್ಲ ಫಾಂಟ್ ಕೂಡಿಡುವವರೇ. ಯಾರ ಪೆನ್‌ಡ್ರೈವ್ ಕೈಗೆ ಸಿಕ್ಕರೂ ಮೊದಲು ಅದರಲ್ಲಿರುವ ಫಾಂಟುಗಳನ್ನು ಬಳಿದುಕೊಳ್ಳುತ್ತಿದ್ದೆವು. ನಾನಂತೂ ಸಾವಿರಗಟ್ಟಲೆ ಸೇರಿಸಿ ಸಿ.ಡಿ. ಮಾಡಿಟ್ಟಿದ್ದೆ. ಯಾವ ಅಕ್ಷರ ಬೇಕಾದರೂ ಅವನ ಹತ್ತಿರ ಇದೆ ಎಂದು ಸುತ್ತಲಿನ ಅಂಗಡಿಯವರು ಹೇಳಿದರೆ ಉಬ್ಬಿಹೋಗುತ್ತಿದ್ದೆ.

ಬರಬರುತ್ತಾ ಪ್ಲಾಟರಿನ ಸಾಫ್ಟ್‌ವೇರ್ ತೆರೆಯುವುದೇ ಒಂದು ಶಿಕ್ಷೆಯಾಯಿತು. ಫಾಂಟ್ ಲೋಡ್ ಆಗುತ್ತಿದೆ ಎಂದು ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಧೂಳು ಊದಿದೆವು, ಕೇಬಲ್ ಬದಲಿಸಿದೆವು, ಮೆಮರಿ ಹೆಚ್ಚಿಸಿದೆವು. ಕೊನೆಗೆ ರಿಪೇರಿಯವರು ಬಂದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಅರ್ಧ ದಿನ ಕುದುರೆಯ ಹಾಗೆ ಓಡಿತು. ಮಧ್ಯಾಹ್ನ ನಾನು ಸಿ.ಡಿ. ಹಾಕಿ ಅಷ್ಟೂ ಫಾಂಟುಗಳನ್ನು ವಾಪಸು ತುಂಬಿಸಿದೆ. ಮತ್ತೆ ಅದೇ ಗತಿ.

"ಫಾಂಟ್ ಜಾಸ್ತಿ ಆಗಿರೋದಕ್ಕೇ ಇರ್ಬೇಕು ಕಣಪ್ಪ. ಬೇಕಾಗಿರೋದಷ್ಟೇ ಇಟ್ಟು ಮಿಕ್ಕಿದ್ದು ತೆಗೆದು ನೋಡೋಣ್ವಾ?" ಎಂದರು ಅಕ್ಕ.

"ಫಾಂಟ್ ಮಾತ್ರ ಮುಟ್ಬೇಡಿ ಅಕ್ಕ, ನಿಮಗದು ಗೊತ್ತಾಗಲ್ಲ" ಎಂದೆ. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೇ ಹೊಳೆದಿತ್ತು. ಅವರ ಬಾಯಿಂದ ಬಂತಲ್ಲ ಎಂದು ಮೈ ಉರಿದಿತ್ತು, ಅಷ್ಟೇ.

ಒಂದು ಶುಕ್ರವಾರ ಪಕ್ಕದ ರಸ್ತೆಯಲ್ಲಿ ಹೊಸ ಬಟ್ಟೆ ಅಂಗಡಿಯ ಪೂಜೆ. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಗಾಜಿನ ಬಾಗಿಲಿಗೆ ಹೆಸರು ಅಂಟಿಸಿ ಆಗಬೇಕು. ಹಿಂದಿನ ದಿನವೇ ಕತ್ತರಿಸಿ ಕೊಟ್ಟಿದ್ದೆವು, ಅವರು ಬೆಳಿಗ್ಗೆ ಬಂದು ಬೇರೆ ಬಣ್ಣ ಬೇಕೆಂದರು. ಅಕ್ಕ ಕಂಪ್ಯೂಟರ್ ಹಾಕಿ ಕೂತರು. ಸಾಫ್ಟ್‌ವೇರ್ ಅರ್ಧಕ್ಕೆ ನಿಂತು ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ತೆರೆದು ಕಾದರು. ಅಕ್ಷರ ಹೊರಗೆ ಬರುವಷ್ಟರಲ್ಲಿ ರಾಹುಕಾಲ ಹಿಡಿದಿತ್ತು. ಹೆಸರಿಲ್ಲದ ಬಾಗಿಲಿಗೇ ಮಂಗಳಾರತಿ ಆಗಿಹೋಗಿತ್ತು. ಬಟ್ಟೆ ಅಂಗಡಿಯವರು ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು.

ನಮ್ಮ ಓನರು ತಣಿಸಂದ್ರದ ಹಳೇ ಜಮೀನಿನವರು. ಕಟ್ಟಡವೂ ಅವರದೇ, ಆದರೆ ಕಂಪ್ಯೂಟರ್ ಮುಟ್ಟಿದವರಲ್ಲ. ಅವರ ಕಣ್ಣಿಗೆ ಕಂಡದ್ದು ಪರದೆಯ ಮುಂದೆ ಕೈಕಟ್ಟಿ ಕೂತ ಹೆಂಗಸು ಮಾತ್ರ.

"ಇಂಗೆ ಕೂತ್ಕಂಡಿದ್ರೆ ಎಂಗಮ್ಮಾ? ನಾಳೆಯಿಂದ ಬರ್ಬೇಡ ನೀನು."

"ಸಾರ್, ಅದು ಓಪನ್ನೇ ಆಗ್ಲಿಲ್ಲ..." ಎಂದು ಅಕ್ಕ ನನ್ನ ಮುಖ ನೋಡಿದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸ್ಟಿಕರ್ ರೋಲು ಸುತ್ತುತ್ತಾ ನಿಂತೆ. ಈಗಲೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರು ಊಟದ ಡಬ್ಬಿ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಸೋಮವಾರ ಮೂವತ್ತು ಫಾಂಟ್ ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆದೆ. ಹತ್ತು ಎಣಿಸುವುದರೊಳಗೆ ಸಾಫ್ಟ್‌ವೇರ್ ತೆರೆಯಿತು.

"ನೋಡ್ದೇನೋ, ಆವಮ್ಮನ್ನ ಕಳಿಸಿದ್ಮೇಲೆ ಎಂಗ್ ಓಡ್ತೈತೆ ಕೆಲ್ಸ!" ಎಂದರು ಓನರು.

"ಹೌದು ಸಾರ್" ಎಂದೆ.

ಎರಡು ವಾರ ಬಿಟ್ಟು ಅಕ್ಕ ಫೋನ್ ಮಾಡಿದರು. ಎಲ್ಲೂ ಕೆಲಸ ಸಿಕ್ಕಿರಲಿಲ್ಲ. "ಓನರಿಗೆ ಒಂದ್ ಮಾತು ಹೇಳಿ ನೋಡಪ್ಪ" ಎಂದರು. ಹೇಳುತ್ತೇನೆ ಎಂದೆ, ಹೇಳಲಿಲ್ಲ. ಫೋನ್ ಇಡುವ ಮುಂಚೆ ಕೇಳಿದರು: "ಈಗಲಾದ್ರೂ ಬೇಗ ಓಪನ್ ಆಗುತ್ತಾ ಅದು?"

"ಇಲ್ಲ ಅಕ್ಕ, ಹಾಗೇ ಇದೆ."

"ಅಯ್ಯೋ ಪಾಪ" ಎಂದರು ಅಕ್ಕ. "ಜೋಪಾನ ಕಣಪ್ಪ, ನಿನ್ನನ್ನೂ ಕಳಿಸ್ಬಿಟ್ಟಾರು."