ಸಮುದ್ರಕ್ಕೆ ಮೋರೆ ಮಾಡಿ ನಿಂತ ಗಾಡಿ

ದೆವ್ವ, ಭೂತ ಎಂದರೆ ನಗುವವನು ನಾನು. ಕುಮಟಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಯಾರಾದರೂ ಅಂಥ ಕತೆ ತೆಗೆದರೆ ಎಲ್ಲಿ, ಯಾವಾಗ, ಬೇರೆ ಯಾರು ನೋಡಿದರು ಎಂದು ಬೆನ್ನು ಹತ್ತುತ್ತಿದ್ದೆ. ಹೇಳುವವರೇ ಬೇಸತ್ತು ಸುಮ್ಮನಾಗುತ್ತಿದ್ದರು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಅದೂ ಅಮಾವಾಸ್ಯೆ ರಾತ್ರಿಯದಲ್ಲ, ಹೊಟ್ಟೆ ತುಂಬ ಉಂಡು ಮಲಗಿದ್ದ ಒಂದು ಸುಡುಬಿಸಿಲಿನ ಮಧ್ಯಾಹ್ನದ್ದು. ನಗುವವರು ಧಾರಾಳವಾಗಿ ನಗಲಿ, ನನ್ನದೇನೂ ಅಡ್ಡಿಯಿಲ್ಲ.

ನಾವು ಮೂವರು ಕಾಲೇಜಿನ ದಿನಗಳಿಂದ ಗೆಳೆಯರು. ಇಮ್ತಿಯಾಜ್ ಭಟ್ಕಳದವನು, ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಾಗೇಶ ಹೊನ್ನಾವರದ ಮೀನುಗಾರರ ಮನೆಯವನು. ಅವನ ತಮ್ಮ ಮಂಜು ಕೆಲವು ವರ್ಷಗಳ ಹಿಂದೆ ದೋಣಿ ತೆಗೆದುಕೊಂಡು ಸಮುದ್ರಕ್ಕೆ ಹೋದವನು ವಾಪಸು ಬರಲಿಲ್ಲ. ದೋಣಿ ಸಿಕ್ಕಿತು, ಮಂಜು ಸಿಗಲಿಲ್ಲ. ನಾಗೇಶ ದೋಣಿಯ ಕೆಲಸ ಬಿಟ್ಟು ಕುಮಟಾಕ್ಕೆ ಬಂದು ಪಂಪು ರಿಪೇರಿಯ ಅಂಗಡಿ ಹಾಕಿದ. ಅಂದಿನಿಂದ ಸಮುದ್ರದ ಕಡೆ ಕಣ್ಣೆತ್ತಿ ನೋಡಲಿಲ್ಲ. ತಮ್ಮನ ಕರ್ಮ ಮಾಡು ಎಂದು ಮನೆಯವರು ಎಷ್ಟು ಹೇಳಿದರೂ ಒಪ್ಪಲಿಲ್ಲ. "ಒಂದ್ಸಲ ಆ ಬದಿ ನೋಡ್ದ್ರೆ ಅವ ಸತ್ತ ಅಂತ ಒಪ್ಕಂಡಾಂಗೆ" ಎನ್ನುತ್ತಿದ್ದ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ನಮ್ಮ ಕಣ್ಣೆದುರೇ ಸೊರಗಿಹೋಗುತ್ತಿದ್ದ. ಹೀಗೇ ಬಿಟ್ಟರೆ ಇವನೂ ನಮ್ಮ ಕೈತಪ್ಪಿ ಹೋಗುತ್ತಾನೆ ಎಂದು ನನಗೆ ಹೆದರಿಕೆಯಾಗಿತ್ತು.

ಇಮ್ತಿಯಾಜ್ ಎಲ್ಲಿಂದಲೋ ಒಂದು ಕ್ಯಾರವಾನ್ ಬಾಡಿಗೆಗೆ ತಂದ. ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಗಾಡಿ. ಒಂದು ದಿನ ಎಲ್ಲಾದರೂ ನಿಲ್ಲಿಸಿಕೊಂಡು ಸುಮ್ಮನೆ ಬಿದ್ದುಕೊಂಡಿರೋಣ ಎಂಬುದು ಅವನ ಯೋಜನೆ. ನಾಗೇಶನನ್ನು ಹೊರಡಿಸಲೇಬೇಕೆಂದು ನಾವಿಬ್ಬರೂ ಹಟ ಹಿಡಿದೆವು. ಅವನದು ಒಂದೇ ಷರತ್ತು.

"ಬರ್ತೆ. ಆದ್ರೆ ಗಾಡಿ ಮೋರೆ ರಸ್ತೆ ಬದಿಗೇ ಇರ್ಬೇಕು. ಸಮುದ್ರ ನೋಡು ಅಂತ ಒಂದು ಮಾತು ಬಂದ್ರೂ ನಾನು ಬಸ್ ಹತ್ಕಂಡು ಮನೆಗೆ ಹೋಪವ."

"ಆತು ಮಾರಾಯ" ಎಂದೆವು. ಆ ಮಾತನ್ನು ನಾವು ಮುರಿಯಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಭಟ್ಕಳದ ಜಾಲಿ ಕಡಲತೀರದಿಂದ ಸ್ವಲ್ಪ ಮುಂದೆ, ಗಾಳಿಮರಗಳ ನಡುವೆ ಗಾಡಿಯೊಂದು ನುಗ್ಗುವಷ್ಟೇ ಜಾಗವಿತ್ತು. ನಾನೇ ರಿವರ್ಸ್ ತೆಗೆದು, ಮೋರೆ ರಸ್ತೆಗೆ, ಬೆನ್ನು ಸಮುದ್ರಕ್ಕೆ ಬರುವಂತೆ ನಿಲ್ಲಿಸಿದೆ. ಹಿಂದಿನ ಕಿಟಕಿಗೆ ಪರದೆ ಎಳೆದೆವು. ಚಕ್ರಗಳಿಗೆ ಕಲ್ಲು ಕೊಟ್ಟೆವು. ಬೆಳಗ್ಗೆ ಪೂರ್ತಿ ಇಸ್ಪೀಟು, ಹಳೇ ಮಾತು, ಚಹಾ. ನಾಗೇಶ ಅಲೆಗಳ ಸದ್ದಿಗೆ ಬೆನ್ನು ಕೊಟ್ಟೇ ಕೂತಿದ್ದ. ಆದರೂ ಇಮ್ತಿಯಾಜ್ ಎಲೆ ಕದಿಯುವುದನ್ನು ಹಿಡಿದುಹಾಕಿ ಅವನು ನಕ್ಕಾಗ, ಆ ನಗು ಕೇಳಿ ಎಷ್ಟು ಕಾಲವಾಯಿತು ಅನ್ನಿಸಿತು. ಇಮ್ತಿಯಾಜನ ಹೆಂಡತಿ ಕಟ್ಟಿಕೊಟ್ಟಿದ್ದ ಬಿರಿಯಾನಿ ತಿಂದು ನಾಗೇಶ ಒಳಗೆ ಹಾಸಿಗೆಯಲ್ಲಿ ಮಲಗಿದ. ನಾವಿಬ್ಬರೂ ಹತ್ತಿರದ ಮರದಡಿ ಚಾಪೆ ಹಾಸಿ ಬಿದ್ದುಕೊಂಡೆವು. ಗಾಡಿಯ ಚಾವಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು.

"ಮಾಸ್ತ್ರ, ಏಳು" ಎಂಬ ನಾಗೇಶನ ದನಿಗೆ ಎಚ್ಚರವಾಯಿತು. ಬಿಸಿಲು ಆಗಲೇ ವಾಲಿತ್ತು. ಅವನು ಗಾಡಿಯ ಮುಂದೆ ನಿಂತಿದ್ದ. ಗಾಡಿಯ ಮೋರೆ ಸಮುದ್ರಕ್ಕಿತ್ತು.

ನಿದ್ದೆಗಣ್ಣು ಎಂದುಕೊಂಡು ಎದ್ದು ಒಂದು ಸುತ್ತು ಬಂದೆ. ಅದೇ ಜಾಗ, ಅದೇ ಎರಡು ಮರಗಳ ಮಧ್ಯೆ, ಗಾಡಿ ಮಾತ್ರ ಹಿಂದುಮುಂದಾಗಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟದ್ದು ಕೊಟ್ಟ ಹಾಗೇ ಇತ್ತು. ಮರಳಿನಲ್ಲಿ ಬೆಳಗ್ಗೆ ನಾವು ಬಂದ ಗುರುತು ಬಿಟ್ಟರೆ ಬೇರೆ ಗುರುತಿಲ್ಲ. ಜೇಬು ಮುಟ್ಟಿ ನೋಡಿದೆ. ಚಾವಿ ಅಲ್ಲೇ ಇತ್ತು.

"ಯಾರ ಕೆಲಸ ಇದು?" ಎಂದ ನಾಗೇಶ.

ನಾನು ಮಕ್ಕಳಾಣೆ ಹಾಕಿದೆ. ಇಮ್ತಿಯಾಜ್ "ಅಲ್ಲಾ ಕಸಮ್, ನಂಗೆ ಗೊತ್ತಿಲ್ಲ" ಎಂದು ಎದೆಯ ಮೇಲೆ ಕೈಯಿಟ್ಟ. ನಾಗೇಶ ನಮ್ಮಿಬ್ಬರ ಮುಖವನ್ನೂ ನೋಡಿದ. ಸಿಟ್ಟಿಗೆದ್ದು ಹೊರಟೇಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಮೆಲ್ಲಗೆ ಹೇಳಿದ.

"ದೋಣಿ ದಡಕ್ಕೆ ಎಳೆದ ಮೇಲೆ ಅದರ ಮೋರೆ ಸಮುದ್ರಕ್ಕೆ ತಿರ್ಗ್ಸದೆ ಮಂಜು ಅನ್ನ ಮುಟ್ತಿರ್ಲಿಲ್ಲ. ನಾಳೆ ಹೋಪುಕೆ ತಯಾರಿರ್ಬೇಕು ಅಂತಿದ್ದ. ಇದ್ನ ನಾನು ನಿಮ್ಗೆ ಯಾವತ್ತೂ ಹೇಳ್ಲಿಲ್ಲ. ಈಗ ಮಲಗ್ದಾಗ ದೋಣಿಯೊಳಗೆ ತೂಗ್ದಾಂಗೆ ಆಗ್ತಿತ್ತು. ಎಷ್ಟು ಚೆಂದ ನಿದ್ದೆ ಬಂತು ಗೊತ್ತಿತ್ತಾ. ಕಣ್ಣು ಬಿಟ್ರೆ ಎದುರಿಗೆ ಸಮುದ್ರ."

ಆಮೇಲೆ ಅವನು ನೀರಿನ ಕಡೆ ನಡೆದ. ಮೊಣಕಾಲು ಮುಳುಗುವಷ್ಟು ಹೋಗಿ ನಿಂತ. ನಾವು ಓಡಿಹೋಗಿ ಆಚೆಗೊಬ್ಬ ಈಚೆಗೊಬ್ಬ ನಿಂತೆವು. ಅವನು ಅಳುತ್ತಿದ್ದ, ಮುಚ್ಚಿಡಲಿಲ್ಲ. ಬಹಳ ಹೊತ್ತಿನ ಮೇಲೆ ಬೊಗಸೆಯಲ್ಲಿ ನೀರೆತ್ತಿ ಮುಖ ತೊಳೆದುಕೊಂಡ. ಮುಂದಿನ ತಿಂಗಳು ಹೊನ್ನಾವರಕ್ಕೆ ಹೋಗಿ ತಮ್ಮನ ಕರ್ಮ ಮಾಡಿದ.

ನಾನು ಮಾತ್ರ ಬಿಡುವ ಜಾತಿಯಲ್ಲ. ಅದೇ ಗಾಡಿ ಮತ್ತೆ ತಂದು, ಅದೇ ಜಾಗದಲ್ಲಿ ನಿಲ್ಲಿಸಿ, ತಿರುಗಿಸಲು ನೋಡಿದೆ. ಹಿಂದೆ ಮುಂದೆ ಎಳೆದಾಡಿ, ಬಂಪರು ಮರಕ್ಕೆ ಉಜ್ಜಿ, ಕೊನೆಗೆ ಚಕ್ರ ಮರಳಿನಲ್ಲಿ ಹೂತುಹೋಯಿತು. ಬಲೆ ಒಣಗಿಸುತ್ತಿದ್ದವರು ಬಂದು ನೂಕಿದರು. "ಇಲ್ಲಿ ಎಲ್ಲಿ ತಿರ್ಗೂದು ಸಾರ್" ಎಂದು ನಕ್ಕರು. ರಸ್ತೆವರೆಗೆ ಹೋಗಿ ತಿರುಗಿಸಿ ತಂದಿದ್ದರೆ ಅಂದು ಮರಳಿನಲ್ಲಿ ಹೊಸ ಗುರುತು ಬೀಳಬೇಕಿತ್ತು. ಯಾರಾದರೂ ಎತ್ತಿಟ್ಟಿರಬಹುದೇ ಎಂದೂ ಯೋಚಿಸಿದೆ. ಹಾಗೆ ಎತ್ತಲು ಎಷ್ಟು ಜನ ಬೇಕು, ಅವರ ಹೆಜ್ಜೆ ಎಲ್ಲಿ, ಪಕ್ಕದಲ್ಲೇ ಇದ್ದ ನಮಗೆ ಎಚ್ಚರವಾಗದೆ ಹೇಗೆ? ನನ್ನ ಪ್ರಶ್ನೆಗಳೇ ನನ್ನ ಬೆನ್ನು ಹತ್ತಿದವು.

ಇಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಸಂಜೆ ನಾಗೇಶ ನಮ್ಮ ಮನೆಗೆ ಬಂದ. ಕಣ್ಣುಗಳು ಮತ್ತೆ ಗುಳಿಬಿದ್ದಿದ್ದವು. ಕೊಟ್ಟ ಚಹಾ ಕೈಯಲ್ಲೇ ಆರುತ್ತಿತ್ತು.

"ಮಾಸ್ತ್ರ, ಖರೆ ಹೇಳು. ಗಾಡಿ ತಿರ್ಗ್ಸದ್ದು ನೀನೇ ಅಲಾ?"

ನಾನು ಕುರ್ಚಿ ಎಳೆದು ಅವನೆದುರು ಕೂತೆ.

"ನೀನಲ್ಲ ಅಂದ್ರೆ ಮಂಜುನೇ ಬಂದಾಂಗಾತು. ಬಂದವ ಇನ್ನೊಂದ್ಸಲ ಬಂದ್ರೂ ಬಂದ. ಹಾಂಗಾರೆ ನಾನು ಮತ್ತೆ ಕಾಯೂಕೆ ಕೂರ್ಬೇಕು ಮಾರಾಯ. ನನ್ನ ಕೈಲಿ ಆಗೂದಿಲ್ಲ."

ಮಕ್ಕಳಾಣೆ ಹಾಕಿದವನು ನಾನು. ಆದರೂ ಅವನ ಕಣ್ಣಲ್ಲಿ ಕಣ್ಣಿಟ್ಟು, "ಹೌದು, ನಾನೇ" ಎಂದೆ.

ಅವನು ನನ್ನನ್ನು ಬಾಯಿಗೆ ಬಂದಂತೆ ಬೈದ. ಬೈದು ಮುಗಿಸಿ, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬೆನ್ನಿಗೊಂದು ಗುದ್ದು ಕೊಟ್ಟು ಹೋದ. ಈಗ ಚೆನ್ನಾಗಿದ್ದಾನೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಕಡಲ ದಂಡೆಗೆ ಹೋಗುತ್ತಾನೆ. ನಾಲ್ಕು ಜನ ಸೇರಿದಲ್ಲೆಲ್ಲ ನನ್ನ ಹೆಗಲ ಮೇಲೆ ಕೈಹಾಕಿ, "ಈ ಕಳ್ಳ ನಂಗೆ ಎಂತ ಮಾಡ್ದ ಗೊತ್ತಿತ್ತಾ" ಎಂದು ಆ ಕತೆ ಹೇಳುತ್ತಾನೆ. ನಾನೂ ತಲೆಯಾಡಿಸಿ ನಗುತ್ತೇನೆ.

ಹೆಸರುಗಳನ್ನು ಬದಲಿಸಿದ್ದೇನೆ, ಅವನು ಓದುವ ಪೈಕಿಯೂ ಅಲ್ಲ. ಅದಕ್ಕೇ ನಿಮ್ಮೆದುರು ಧೈರ್ಯವಾಗಿ ಹೇಳುತ್ತೇನೆ. ಚಾವಿ ನನ್ನ ಜೇಬಿನಲ್ಲೇ ಇತ್ತು. ನಾನು ಮರದಡಿ ಮಲಗಿದ್ದೆ. ಆ ಗಾಡಿ ತಿರುಗಿಸಿದವನು ನಾನಲ್ಲ.